ಶ್ರೀಮತಿ ಬರ್ತಾ ಬೆಂಜ್

ನಮ್ಮ ಮನೆಯಲ್ಲಿ ಹಳೆಯದೊಂದು ಅಂಬಾಸಿಡರ್ ಕಾರು ಇದ್ದಿತು. ಒಮ್ಮೆ ಅದು ಊರ ಹೊರಗಿನ ಏರಿನಲ್ಲಿ ಕೆಮ್ಮುತ್ತ ನಿಂತುಬಿಟ್ಟಿತು. ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ ಒಂದು ದೊಡ್ಡ ವರ್ಕ್‌ಷಾಪಿಗೆ ಒಪ್ಪಿಸಿದೆವು. ಅಲ್ಲಿಯವರು ಪೆಟ್ರೋಲ್ ಪಂಪು ಕೆಟ್ಟಿದೆಯೆಂದು ಹೊಸದನ್ನು ಹಾಕಿ, ಭಾರಿ ಬಿಲ್ಲನ್ನು ಕೈಗಿತ್ತರು. ನಾಲ್ಕನೆಯ ದಿನ ಅದೇ ಏರಿನಲ್ಲಿ ಕಾರು ಮತ್ತೆ ನಿಂತಿತು. ಹತ್ತಿರದ ಹುಣಿಸೆಮರದ ಕೆಳಗೆ ಸ್ಕೂಟರುಗಳನ್ನು ರಿಪೇರಿ ಮಾಡುತ್ತಿದ್ದ ಮುದುಕನೊಬ್ಬ ಬಂದು, ಪೆಟ್ರೋಲ್ ಕೊಳವೆಯನ್ನು ಬಿಚ್ಚಿ ಊದಿ, ಹೊರಬಿದ್ದ ಕಸವನ್ನು ಅಂಗೈಯಲ್ಲಿಟ್ಟು ನಮ್ಮ ತಂದೆಯವರಿಗೆ ತೋರಿಸಿದ. ಕಾರು ಹೊರಟಿತು. ಕೊಟ್ಟ ಹಣದಲ್ಲಿ ಅರ್ಧವನ್ನು ಆತ ಹಿಂದಕ್ಕೆ ಕೊಟ್ಟ. ಅಂದು ನನಗೆ ಬಂದ ಕೋಪವೆಲ್ಲ ಆ ವರ್ಕ್‌ಷಾಪಿನ ಮೇಲೆ. ಮುಂದೆ ಬರ್ತಾ ಬೆಂಜಳ ಚರಿತ್ರೆಯನ್ನು ಓದಿದಾಗ, ಆ ಕೋಪದಲ್ಲಿ ಅರ್ಧದಷ್ಟು ನಮ್ಮ ಅಜ್ಞಾನಕ್ಕೂ ಸಲ್ಲಬೇಕೆಂದು ತೋರಿತು. ಆದುದರಿಂದಲೇ ಆ ಮಹಿಳೆಯ ವಿಚಾರವಾಗಿ ನಾಲ್ಕು ಮಾತು ಬರೆಯುವ ಮನಸ್ಸಾಯಿತು.

ಬರ್ತಾ ರಿಂಗರ್ 1849ನೆಯ ಇಸವಿ ಮೇ 3ರಂದು ಜರ್ಮನಿಯ ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ ಹುಟ್ಟಿದಳು. ತಂದೆ ಮರಗೆಲಸದಲ್ಲಿ ಹೆಸರು ಪಡೆದು ಅನುಕೂಲವಂತನಾದವನು. ಆಕೆ ಮನಸ್ಸು ಕೊಟ್ಟುದು ಕಾರ್ಲ್ ಬೆಂಜ್ ಎಂಬ ಬಡ ಎಂಜಿನಿಯರನಿಗೆ. ಮ್ಯಾನ್‌ಹೈಮ್ ನಗರದಲ್ಲಿ ಆತ ಪಾಲುದಾರನೊಬ್ಬನೊಡನೆ ತೆರೆದಿದ್ದ ಕಾರ್ಯಾಗಾರವು, ಆ ಪಾಲುದಾರನೊಡನೆ ಹೊಂದಿಕೆಯಾಗದೆ ಮುಳುಗುವ ಸ್ಥಿತಿಗೆ ಬಂದಿತು. ಬರ್ತಾ ವಿವಾಹಕ್ಕೆ ಮುಂಚೆಯೇ ತನ್ನ ವರದಕ್ಷಿಣೆಯ ಹಣವನ್ನು ತರಿಸಿ, ಪಾಲುದಾರನ ಭಾಗವನ್ನು ಕೊಂಡುಕೊಳ್ಳಲು ಕೊಟ್ಟಳು. 1872ರಲ್ಲಿ ವಿವಾಹವಾಯಿತು. 1879ರ ಕೊನೆಯ ರಾತ್ರಿ, ಊಟವಾದ ಮೇಲೆ, ಇನ್ನೊಮ್ಮೆ ಪ್ರಯತ್ನಿಸೋಣವೆಂದು ಆಕೆಯೇ ಗಂಡನನ್ನು ಕಾರ್ಯಾಗಾರಕ್ಕೆ ಹೊರಡಿಸಿದಳಂತೆ. ಬಹುಕಾಲ ಮೊಂಡುಹಿಡಿದಿದ್ದ ಎಂಜಿನು ಆ ರಾತ್ರಿ ಓಡಿತು.

1886ರ ಜನವರಿ 29ರಂದು ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿದ. ಅದರ ಒಂದೇ ಸಿಲಿಂಡರಿನ ಎಂಜಿನಿಗೆ ಒಂದು ಕುದುರೆಯ ಶಕ್ತಿಯೂ ಇರಲಿಲ್ಲ. ಹಿಂಬದಿಯ ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿ ಎಂಜಿನನ್ನು ಚಾಲೂ ಮಾಡಬೇಕಾಗಿತ್ತು. ಜನರು ನೋಡಿ ಬೆರಗಾದರೇ ಹೊರತು ಕೊಳ್ಳಲು ಮುಂದೆ ಬರಲಿಲ್ಲ. ನಡುದಾರಿಯಲ್ಲಿ ಕೆಟ್ಟು ನಿಂತರೆ ಗತಿಯೇನೆಂಬ ಭಯ ಎಲ್ಲರಿಗೂ ಇದ್ದಿತು. ಬೆಂಜನಾದರೋ ಇನ್ನೂ ತಿದ್ದಬೇಕು, ಇನ್ನೂ ತಿದ್ದಬೇಕು ಎನ್ನುತ್ತಲೇ ಇದ್ದವನು. ವರದಕ್ಷಿಣೆಯ ಹಣ, ಮಕ್ಕಳ ಅನ್ನ, ಗಂಡನ ಅನೇಕ ವರ್ಷಗಳ ದುಡಿಮೆ, ಎಲ್ಲವೂ ಆ ಗಾಡಿಯಲ್ಲಿ ಅಡಕವಾಗಿದ್ದವು.

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ ಬರ್ತಾ ಗಂಡನಿಗೆ ತಿಳಿಸದೆಯೇ, 15 ವರ್ಷದ ಮಗ ಯೂಗೆನ್ ಮತ್ತು ಅವನ ತಮ್ಮ ರಿಚರ್ಡನೊಡನೆ, ಫೋರ್ಟ್ಸ್‌ಹೈಮಿನಲ್ಲಿದ್ದ ತನ್ನ ತಾಯಿಯನ್ನು ನೋಡಲು ಆ ಗಾಡಿಯಲ್ಲಿ ಹೊರಟಳು. ದೂರ ಸುಮಾರು 100 ಕಿಲೋಮೀಟರು. ದಾರಿಯುದ್ದಕ್ಕೂ ಎತ್ತಿನ ಗಾಡಿಗೂ ಕುದುರೆ ಗಾಡಿಗೂ ತಕ್ಕ ರಸ್ತೆ. ಮೋಟಾರು ರಿಪೇರಿಯ ಅಂಗಡಿ ಎಂಬುದು ಪ್ರಪಂಚದಲ್ಲಿ ಎಲ್ಲಿಯೂ ಇರಲಿಲ್ಲ.

ತೊಂದರೆಗಳು ಒಂದರ ಹಿಂದೆ ಒಂದು ಬಂದವು. ಇಂಧನದ ಕೊಳವೆಯಲ್ಲಿ ಕಸ ಸಿಕ್ಕಿಕೊಂಡಿತು. ಆಕೆ ಟೋಪಿಯ ಪಿನ್ನನ್ನು ತೆಗೆದು ಚುಚ್ಚಿ ಅದನ್ನು ಬಿಡಿಸಿದಳು. ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದುಹೋಯಿತು. ಕಾಲುಚೀಲ ಕಟ್ಟುವ ಪಟ್ಟಿಯನ್ನೇ ಬಿಚ್ಚಿ ಅದಕ್ಕೆ ಸುತ್ತಿದಳು. ಎಂಜಿನು ಕಾದು ನೀರು ಆವಿಯಾಗುತ್ತಿದ್ದುದರಿಂದ ಕಂಡ ಕಂಡ ಬಾವಿ ಹಳ್ಳಗಳಲ್ಲಿ ನೀರು ತುಂಬಿಸಿಕೊಳ್ಳಬೇಕಾಯಿತು. ಏರು ಬಂದೆಡೆಯಲ್ಲಿ ಇಳಿದು ಗಾಡಿಯನ್ನು ತಳ್ಳಿದರು.

ಇಷ್ಟು ತನ್ನ ಕೈಯಿಂದಾದುದು. ತನ್ನಿಂದಾಗದುದಕ್ಕೆ ಆಕೆ ಯಾರ ಬಳಿಗೆ ಹೋದಳೆಂಬುದನ್ನು ವಾಚಕರು ಗಮನಿಸಬೇಕು. ಇಂಧನ ಮುಗಿದಾಗ ವೀಸ್ಲೋಖ್ ಊರಿನ ಔಷಧದ ಅಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡಳು. ಗಾಡಿಯ ಇಂಧನ ಅದೇ ಆಗಿತ್ತು. ಸರಪಳಿ ಸಡಿಲವಾದಾಗ ಬ್ರುಕ್‌ಸಾಲಿನ ಕಮ್ಮಾರನಿಂದ ಸರಿಪಡಿಸಿಕೊಂಡಳು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದಾಗ, ಬೌಶ್ಲಾಟ್ ಎಂಬ ಹಳ್ಳಿಯಲ್ಲಿ ಜೋಡು ಹೊಲಿಯುವವನಿಂದ ಅವಕ್ಕೆ ತೊಗಲು ಹೊಡೆಸಿದಳು. ಈ ಮೂವರಲ್ಲಿ ಯಾರೂ ಮೋಟಾರು ಗಾಡಿಯನ್ನು ಬಲ್ಲವರಲ್ಲ. ಆದರೆ ಕಬ್ಬಿಣವನ್ನು ಬಲ್ಲವನಿಗೆ ಕಬ್ಬಿಣದ ಕೆಲಸ, ತೊಗಲನ್ನು ಬಲ್ಲವನಿಗೆ ತೊಗಲಿನ ಕೆಲಸ ಬಿದ್ದಿತು. ಕೆಟ್ಟುದೇನು, ಆಗಬೇಕಾದುದೇನು ಎಂಬುದನ್ನು ಹೇಳುವವಳು ಮಾತ್ರ ಬರ್ತಾ. ಹೀಗಿರುವಾಗ ಯಾರು ಆಕೆಗೆ ಮೋಸಮಾಡಿಯಾರು?

ಸಂಜೆಯ ಹೊತ್ತಿಗೆ ತವರೂರನ್ನು ತಲುಪಿ ಗಂಡನಿಗೆ ತಂತಿ ಕಳುಹಿಸಿದಳು. ಕೆಲವು ದಿನಗಳ ಮೇಲೆ ಬೇರೊಂದು ದಾರಿಯಿಂದ ಮನೆಗೆ ಮರಳಿದಳು. ಏರಿಗೆ ಇನ್ನೊಂದು ಗೇರು ಬೇಕೆಂದು ಆಕೆ ತಿಳಿಸಿದಂತೆ ಬೆಂಜ್ ಅದನ್ನು ಅಳವಡಿಸಿದ. ಸುದ್ದಿ ಹಬ್ಬಿತು, ಗಾಡಿಯಲ್ಲಿ ಜನರಿಗೆ ನಂಬಿಕೆ ಹುಟ್ಟತೊಡಗಿತು. ಬೆಂಜ್ 1929ರಲ್ಲಿ ತೀರಿಕೊಂಡ. ಬರ್ತಾ 1944ರ ಮೇ 5ರಂದು, ತನ್ನ 95ನೆಯ ಹುಟ್ಟುಹಬ್ಬವಾದ ಎರಡು ದಿನಕ್ಕೆ, ಲಾಡೆನ್‌ಬರ್ಗಿನಲ್ಲಿ ಕಣ್ಣುಮುಚ್ಚಿದಳು. ಆ ಹೋಗಿಬಂದ ದಾರಿ 2008ರಿಂದ ಆಕೆಯ ಹೆಸರಿನ ಸ್ಮಾರಕ ಮಾರ್ಗವಾಗಿದೆ.

ಇಂದಿನ ಕಾರಿನಲ್ಲಿ ಗಣಕಯಂತ್ರವೇ ಕುಳಿತಿದೆ. ಟೋಪಿಯ ಪಿನ್ನಿನಿಂದ ಅದು ಸರಿಹೋಗದು, ನಿಜ. ಆದರೂ ಎಂಜಿನು ತಣ್ಣಗಿರುವಾಗ ಕಡ್ಡಿಯೆಳೆದು ಎಣ್ಣೆಯ ಮಟ್ಟವನ್ನು ನೋಡುವುದು, ರೇಡಿಯೇಟರಿನ ನೀರನ್ನು ಪರೀಕ್ಷಿಸುವುದು, ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿಯ ಹುಡಿಯನ್ನು ಒರೆಸುವುದು, ಗಾಳಿಯ ಫಿಲ್ಟರಿನ ಧೂಳನ್ನು ಕೊಡವುವುದು, ಇವು ಯಾರಿಂದಲಾದರೂ ಆಗುವ ಕೆಲಸಗಳು. ಬ್ರೇಕು ಮೊದಲಾದ ಪ್ರಾಣದ ಕೆಲಸಗಳನ್ನು ಬಲ್ಲವರಿಗೇ ಒಪ್ಪಿಸಬೇಕು. ಒಪ್ಪಿಸುವಾಗ ಕೆಟ್ಟುದೇನೆಂದು ಕೇಳಬೇಕು, ಖರ್ಚನ್ನು ಮೊದಲೇ ತಿಳಿದುಕೊಳ್ಳಬೇಕು, ತೆಗೆದ ಹಳೆಯ ಭಾಗವನ್ನು ತೋರಿಸೆನ್ನಬೇಕು. ಹುಣಿಸೆಮರದ ಕೆಳಗಿನ ಮುದುಕನು ನಾವು ಕೇಳದೆಯೇ ತೋರಿಸಿದ್ದನು. ಅಂಥವನನ್ನು ಗುರುತಿಸಬೇಕಾದರೆ ನಮಗೂ ಸ್ವಲ್ಪ ತಿಳಿವಳಿಕೆ ಇರಬೇಕು.

ನಮ್ಮ ತಂದೆಯವರು ಆಮೇಲೆ ಆ ಕಾರನ್ನು ಬೇರೆಲ್ಲಿಗೂ ಒಯ್ಯಲಿಲ್ಲ. ಭಾನುವಾರಗಳಂದು ನಾನೂ ಅವರೊಡನೆ ಹುಣಿಸೆಮರದ ಕೆಳಗೆ ಹೋಗಿ, ಸ್ಪಾನರನ್ನು ಹಿಡಿಯುವುದನ್ನು ಕಲಿತೆನು.