ಹಳದಿ ಪಿನ್ ಮತ್ತು ಫೈಲೋ ಫಾರ್ನ್ಸ್‌ವರ್ತ್

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ಕ್ಲಬ್ಬಿನಲ್ಲಿ ನಾವೊಂದಷ್ಟು ಜನ ಇದ್ದೇವೆ. ರಜೆಗೆ ಊರಿಗೆ ಹೋದ್ರೆ ನಮಗೆಲ್ಲ ಬರುವ ಕೆಲಸ ಹೆಚ್ಚುಕಮ್ಮಿ ಒಂದೇ. ಇಂಜಿನಿಯರಿಂಗ್ ಓದ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಯಾರಾದರೂ ಅಟ್ಟದಿಂದ ಹಳೇ ವಿಸಿಆರ್ ಇಳಿಸ್ತಾರೆ. ಜೊತೆಗೆ ಒಂದು ಚೀಲ ಕ್ಯಾಸೆಟ್. ಮದುವೆ, ಉಪನಯನ, ಚಿಟ್ಟಾಣಿಯವರ ಆಟ, ಈಗ ಇಲ್ಲದ ಅಜ್ಜ ಅರ್ಥ ಹೇಳಿದ ತಾಳಮದ್ದಳೆ. ಹಳೇ ಡಬ್ಬಾ ಟಿವಿ ಯಾವತ್ತೋ ಗುಜರಿಗೆ ಹೋಗಿರತ್ತೆ. ಉಳಿದಿರುವುದು ಕಂಪ್ಯೂಟರ್ ಮಾನಿಟರ್, ಇಲ್ಲಾಂದ್ರೆ ಊರಿನ ಸಂಘದ ಪ್ರೊಜೆಕ್ಟರ್. ಇದನ್ನು ಅದಕ್ಕೆ ಜೋಡಿಸಿಕೊಡಿ ಅಂತಾರೆ. ಕೆಲಸ ಸಣ್ಣದು ಅನ್ನಿಸಬಹುದು, ಆದ್ರೆ ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಸ್ಟು ಬರತ್ತೆ. ಬೂಸ್ಟು ಹೆಚ್ಚಾದ ಟೇಪು ವಿಸಿಆರಿನ ಹೆಡ್ಡನ್ನೂ ಹಾಳು ಮಾಡತ್ತೆ. ಅಜ್ಜನ ದನಿ ಇರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ ಅಂದ್ರೆ ಮುಂದಿನ ರಜೆಗೆ ನೋಡೋಣ ಅನ್ನುವ ಹಾಗಿಲ್ಲ.

ವಿಸಿಆರಿನ ಹಿಂದೆ ಬಣ್ಣದ ತೂತುಗಳಿರತ್ತೆ. ಕೆಂಪು, ಬಿಳಿ ಧ್ವನಿಗೆ. ಹಳದಿ ಚಿತ್ರಕ್ಕೆ. ಅದಕ್ಕೆ ಚುಚ್ಚುವ ಪಿನ್ನಿಗೆ ಅಂಗಡಿಯಲ್ಲಿ ಆರ್‌ಸಿಎ ಪಿನ್ ಅಂತಾರೆ. ಆರ್‌ಸಿಎ ಅಂದರೆ ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ. 1930ರ ದಶಕದಲ್ಲಿ ಗ್ರಾಮೋಫೋನನ್ನು ರೇಡಿಯೋಗೆ ಜೋಡಿಸಲಿಕ್ಕೆ ಆ ಕಂಪನಿ ಮಾಡಿದ ಪಿನ್ ಇದು, ಹೆಸರು ಹಾಗೇ ಉಳಿದುಕೊಂಡಿದೆ. ಅದೇ ದಶಕದಲ್ಲಿ ಅದೇ ಕಂಪನಿ ಒಬ್ಬ ರೈತನ ಮಗನ ಮೇಲೆ ಪೇಟೆಂಟ್ ಜಗಳ ನಡೆಸಿ ಸೋತಿತ್ತು. ಅವನ ಹೆಸರು ಯಾವ ಪಿನ್ನಿಗೂ ಇಲ್ಲ. ನಮ್ಮ ಸಿಲಬಸ್ಸಿನಲ್ಲೂ ಕಾಣಲಿಲ್ಲ, ಅದಕ್ಕೇ ಈ ಲೇಖನ.

ಫೈಲೋ ಟೇಲರ್ ಫಾರ್ನ್ಸ್‌ವರ್ತ್ ಹುಟ್ಟಿದ್ದು 1906ರ ಆಗಸ್ಟ್ 19ರಂದು, ಅಮೆರಿಕದ ಯೂಟಾ ರಾಜ್ಯದ ಬೀವರ್ ಹತ್ತಿರ, ಅಜ್ಜ ಕಟ್ಟಿದ ಮರದ ದಿಮ್ಮಿಯ ಮನೆಯಲ್ಲಿ. ಆ ಮನೆಗೆ ಕರೆಂಟ್ ಇರಲಿಲ್ಲ. ಅವನಿಗೆ ಸುಮಾರು 12 ವರ್ಷ ಆದಾಗ ಕುಟುಂಬ ಐಡಹೋ ರಾಜ್ಯದ ರಿಗ್ಬಿ ಎಂಬ ಊರಿನ ಹತ್ತಿರದ ಜಮೀನಿಗೆ ಹೋಯಿತು. ಅಲ್ಲಿ ಮನೆಗೇ ಒಂದು ಜನರೇಟರ್ ಇತ್ತು. ನಮ್ಮ ಕಡೆ ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿಕೊಂಡು ಸ್ವಂತ ಕರೆಂಟ್ ಮಾಡಿಕೊಳ್ಳುವ ಮನೆಗಳಿವೆಯಲ್ಲ, ಆ ಥರ. ಅದು ಕೆಟ್ಟಾಗ ರಿಪೇರಿ ಮಾಡಿದವನು ಈ ಹುಡುಗ. ಅಮ್ಮ ಕೈಯಲ್ಲಿ ತಿರುಗಿಸುತ್ತಿದ್ದ ಬಟ್ಟೆ ಒಗೆಯುವ ಯಂತ್ರಕ್ಕೆ ಮೋಟರ್ ಕೂರಿಸಿದ. ಅಟ್ಟದ ಮೇಲೆ ಹಿಂದಿದ್ದವರು ಬಿಟ್ಟುಹೋದ ವಿಜ್ಞಾನದ ಪತ್ರಿಕೆಗಳ ರಾಶಿ ಸಿಕ್ಕಿತು, ಅದೇ ಅವನ ಲೈಬ್ರರಿ. ಒಂದು ಪತ್ರಿಕೆಯ ಸ್ಪರ್ಧೆಗೆ ಕಾರಿನ ಕಳ್ಳತನ ತಡೆಯುವ ಬೀಗದ ಐಡಿಯಾ ಕಳಿಸಿ 25 ಡಾಲರ್ ಗೆದ್ದ.

ಆ ಪತ್ರಿಕೆಗಳಲ್ಲಿ ದೂರಕ್ಕೆ ಚಿತ್ರ ಕಳಿಸುವ ವಿಷಯವೂ ಇತ್ತು. ಚಿತ್ರವನ್ನು ಸಾಲು ಸಾಲಾಗಿ ಬಿಡಿಸಿ ಕಳಿಸಬೇಕು ಅನ್ನುವುದು ಅವನ ಕಂಡುಹಿಡಿತ ಅಲ್ಲ, ಇದನ್ನು ಸರಿಯಾಗಿ ಹೇಳಬೇಕು. 1884ರಲ್ಲೇ ಜರ್ಮನಿಯ ಪಾಲ್ ನಿಪ್ಕೋ ತೂತು ಕೊರೆದ ತಿರುಗುವ ತಟ್ಟೆಗೆ ಪೇಟೆಂಟ್ ಅರ್ಜಿ ಹಾಕಿದ್ದ. ಲಂಡನ್ನಿನಲ್ಲಿ ಜಾನ್ ಲೋಗಿ ಬೇರ್ಡ್ 1926ರಲ್ಲಿ ಅಂಥ ತಟ್ಟೆಯಿಂದಲೇ 30 ಸಾಲಿನ ಟಿವಿ ತೋರಿಸಿದ. ಆದರೆ ತಟ್ಟೆ ಎಷ್ಟು ಜೋರಾಗಿ ತಿರುಗೀತು? ಯಾವ ಚಕ್ರವೂ ಸಾಲದು, ಕೆಲಸವನ್ನು ಇಲೆಕ್ಟ್ರಾನುಗಳೇ ಮಾಡಬೇಕು ಅಂತ ರಿಗ್ಬಿಯ ಹುಡುಗನಿಗೆ ಹೊಳೆದಿತ್ತು. ಅದು 1921, ಅವನಿಗೆ 14 ವರ್ಷ. ಕುದುರೆ ಕಟ್ಟಿ ಹೊಲ ಉಳುತ್ತಿದ್ದಾಗ ಹಿಂತಿರುಗಿ ನೋಡಿದರೆ ಉದ್ದಕ್ಕೆ ನೇಗಿಲ ಸಾಲು, ಅದರ ಪಕ್ಕ ಇನ್ನೊಂದು ಸಾಲು. ಇಲೆಕ್ಟ್ರಾನು ಕಿರಣ ಕೂಡ ಚಿತ್ರವನ್ನು ಹೀಗೇ ಉಳಬಹುದಲ್ಲ ಅಂದುಕೊಂಡ ಅಂತ ಅವನ ಮನೆಯವರು ಹೇಳುತ್ತಾ ಬಂದಿದ್ದಾರೆ. ಕನ್ನಡದಲ್ಲಿ ಎರಡಕ್ಕೂ ಸಾಲು ಅಂತಲೇ ಅನ್ನುವುದರಿಂದ ನಮಗೆ ಇದು ಇಂಗ್ಲಿಷಿಗಿಂತ ಬೇಗ ಅರ್ಥವಾಯಿತು. ಒಂದೇ ವ್ಯತ್ಯಾಸ. ಎತ್ತು ಬದುವಿನ ಹತ್ತಿರ ತಿರುಗಿ ಉಳುತ್ತಲೇ ವಾಪಸ್ ಬರತ್ತೆ. ಇಲೆಕ್ಟ್ರಾನು ಕಿರಣ ಬಲತುದಿ ಮುಟ್ಟಿದ ಮೇಲೆ ಖಾಲಿ ಕೈಯಲ್ಲಿ ಎಡಕ್ಕೆ ಹಾರಿ ಹೊಸ ಸಾಲು ಶುರು ಮಾಡತ್ತೆ.

1922ರಲ್ಲಿ ಅವನು ಹೈಸ್ಕೂಲಿನ ಕೆಮಿಸ್ಟ್ರಿ ಮೇಷ್ಟ್ರು ಜಸ್ಟಿನ್ ಟೋಲ್ಮನ್ ಅವರಿಗೆ ಇದನ್ನೆಲ್ಲ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ. ಮೇಷ್ಟ್ರಿಗೆ ಅದು ನೆನಪಿನಲ್ಲಿ ಉಳಿಯಿತು. ಇದು ಮುಂದೆ ಬೇಕಾಗತ್ತೆ.

1924ರಲ್ಲಿ ಅಪ್ಪ ನ್ಯುಮೋನಿಯಾದಿಂದ ತೀರಿಕೊಂಡರು. ಕಾಲೇಜು ಮುಗಿಸಲು ಆಗಲಿಲ್ಲ. ಕೆಲಸ ಹುಡುಕುತ್ತಾ ಹೋದಾಗ ಜಾರ್ಜ್ ಎವರ್ಸನ್, ಲೆಸ್ಲಿ ಗೊರೆಲ್ ಎಂಬಿಬ್ಬರು ಇವನ ಐಡಿಯಾ ಕೇಳಿ 6,000 ಡಾಲರ್ ಹಾಕಲು ಒಪ್ಪಿದರು. 1926ರ ಮೇ ತಿಂಗಳಲ್ಲಿ ಪೆಮ್ ಗಾರ್ಡ್ನರ್ ಜೊತೆ ಮದುವೆ. ಆಗ ಅವನಿಗೆ 19, ಅಂದರೆ ನಮ್ಮ ಸೆಕೆಂಡ್ ಇಯರ್ ವಯಸ್ಸು. ನಾವು ಬ್ಯಾಕ್‌ಲಾಗ್ ಲೆಕ್ಕ ಹಾಕುವ ವಯಸ್ಸಿನಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕಿನವರಿಂದ ಇನ್ನೂ 25,000 ಡಾಲರ್ ತಂದು ಗ್ರೀನ್ ಸ್ಟ್ರೀಟಿನಲ್ಲಿ ಲ್ಯಾಬ್ ಮಾಡಿದ. 1927ರ ಜನವರಿ 7ರಂದು ಪೇಟೆಂಟಿಗೆ ಅರ್ಜಿ ಹಾಕಿದ.

ಲ್ಯಾಬಿನಲ್ಲಿ ಡಿಗ್ರಿ ಹೋಲ್ಡರ್ಸ್ ಗುಂಪೇನೂ ಇರಲಿಲ್ಲ. ಪೆಮ್‌ಳ ಅಣ್ಣ ಕ್ಲಿಫ್ ಗಾಜು ಊದುವುದನ್ನು ಕಲಿತು ಟ್ಯೂಬ್ ಮಾಡಿಕೊಟ್ಟ. ಪೆಮ್ ಕೂಡ ಕೆಲಸಕ್ಕೆ ಕೂತಳು. ಆ ಟ್ಯೂಬಿಗೆ ಇಮೇಜ್ ಡಿಸೆಕ್ಟರ್ ಅಂತ ಹೆಸರು. ಬೆಳಕು ಒಂದು ಲೋಹದ ಪದರಕ್ಕೆ ಬಿದ್ದು ಇಲೆಕ್ಟ್ರಾನುಗಳು ಹೊರಡುತ್ತವೆ, ಹೊಳೆಯುವ ಕಡೆ ಹೆಚ್ಚು, ಕತ್ತಲ ಕಡೆ ಕಡಿಮೆ. ಈ ಇಲೆಕ್ಟ್ರಾನುಗಳ ಚಿತ್ರವನ್ನೇ ಕಾಯಿಲ್‌ಗಳ ಕಾಂತಕ್ಷೇತ್ರ ಎಳೆದಾಡಿ ಒಂದು ಸಣ್ಣ ತೂತಿನ ಮುಂದೆ ಸಾಲು ಸಾಲಾಗಿ ಹಾಯಿಸತ್ತೆ. ತೂತಿನೊಳಗೆ ಬಿದ್ದಷ್ಟೇ ಆ ಕ್ಷಣದ ಕರೆಂಟು. 1927ರ ಸೆಪ್ಟೆಂಬರ್ 7ರಂದು ಒಂದು ಕೋಣೆಯಲ್ಲಿ ಕ್ಲಿಫ್ ಗೆರೆ ಎಳೆದ ಗಾಜಿನ ಸ್ಲೈಡ್ ಇಟ್ಟ, ಇನ್ನೊಂದು ಕೋಣೆಯ ಟ್ಯೂಬಿನಲ್ಲಿ ಆ ಗೆರೆ ಕಂಡಿತು. ಸ್ಲೈಡ್ ತಿರುಗಿಸಿದರೆ ಗೆರೆಯೂ ತಿರುಗಿತು. ಅಷ್ಟೇ ಚಿತ್ರ, ಒಂದೇ ಗೆರೆ. ಫೈಲೋಗೆ ಆಗ 21.

ದುಡ್ಡು ಹಾಕಿದವರು ಇದರಲ್ಲಿ ಡಾಲರ್ ಯಾವಾಗ ಕಾಣತ್ತೆ ಅಂತ ಪೀಡಿಸ್ತಿದ್ದರಂತೆ. ಅವನು ಡಾಲರ್ ಚಿಹ್ನೆಯನ್ನೇ ಪರದೆ ಮೇಲೆ ತೋರಿಸಿದ. 1929ರಲ್ಲಿ ಪೆಮ್‌ಳ ಮುಖ ಬಂತು, ಮೂರೂವರೆ ಇಂಚಿನ ಚಿತ್ರ, ಕಣ್ಣು ಮುಚ್ಚಿಕೊಂಡಿದ್ದಾಳೆ. ಡಿಸೆಕ್ಟರಿಗೆ ಅಷ್ಟು ಜೋರು ಬೆಳಕು ಬೇಕಿತ್ತು. ಅದರ ದೊಡ್ಡ ದೋಷವೇ ಇದು, ತೂತಿಗೆ ಬೀಳದ ಇಲೆಕ್ಟ್ರಾನುಗಳೆಲ್ಲ ದಂಡ.

ಇಲ್ಲಿ ಸ್ವಲ್ಪ ನಿಂತು ನಮ್ಮ ವಿಸಿಆರಿಗೆ ಬರೋಣ, ಯಾಕಂದ್ರೆ ಹಳದಿ ಪಿನ್ನಿನಲ್ಲಿ ಬರುವುದು ಈ ಸಾಲುಗಳ ಮೆರವಣಿಗೆಯೇ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಸಾಲು, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಸಾಲು. ಮೊದಲು ಬೆಸ ಸಾಲು, ಆಮೇಲೆ ಸಮ ಸಾಲು. ಪ್ರತಿ ಸಾಲಿನ ಕೊನೆಗೆ ಒಂದು ಸಿಂಕ್ ಪಲ್ಸ್. ಬಣ್ಣ, ಬೆಳಕು, ಸಿಂಕ್ ಎಲ್ಲ ಒಂದೇ ತಂತಿಯಲ್ಲಿ ಕಲಸಿಕೊಂಡು ಬರತ್ತೆ. ಕಂಪ್ಯೂಟರಿನ ವಿಜಿಎ ಮಾನಿಟರಿಗೆ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ತಂತಿ, ಸಿಂಕಿಗೆ ಬೇರೆ ಎರಡು ತಂತಿ, ಮತ್ತೆ ಸೆಕೆಂಡಿಗೆ ಸುಮಾರು 31,500 ಸಾಲಾದರೂ ಬೇಕು, ಹೆಚ್ಚುಕಮ್ಮಿ ಎರಡರಷ್ಟು. ಹಾಗಾಗಿ ಒಂದು ತುದಿಗೆ ಹಳದಿ ಪಿನ್, ಇನ್ನೊಂದು ತುದಿಗೆ ವಿಜಿಎ ಇರುವ ಬರೀ ಕೇಬಲ್ ತಂದು ಚುಚ್ಚಿದರೆ ಏನೂ ಬರಲ್ಲ. ಎಚ್‌ಡಿಎಂಐಗೂ ಅಷ್ಟೇ, ಅದು ಡಿಜಿಟಲ್. ನಡುವೆ ಸಾಲುಗಳನ್ನು ಹಿಡಿದಿಟ್ಟುಕೊಂಡು ಹೊಸ ಲೆಕ್ಕದಲ್ಲಿ ಬಿಡುವ ಕನ್ವರ್ಟರ್ ಡಬ್ಬಿ ಬೇಕು, ಅದಕ್ಕೆ ಯುಎಸ್‌ಬಿಯಿಂದ ಕರೆಂಟ್ ಕೊಡಬೇಕು. ಕೊಳ್ಳುವಾಗ ಎವಿಯಿಂದ ಎಚ್‌ಡಿಎಂಐಗೆ ಅಂತ ಬರೆದದ್ದೇ ನೋಡಿ ತನ್ನಿ, ಉಲ್ಟಾ ಕೆಲಸ ಮಾಡುವ ಡಬ್ಬಿ ನೋಡಲು ಥೇಟ್ ಹಾಗೇ ಇರತ್ತೆ. ಲ್ಯಾಪ್‌ಟಾಪಿನ ಎಚ್‌ಡಿಎಂಐ ತೂತು ಸಾಮಾನ್ಯವಾಗಿ ಹೊರಗೆ ಕಳಿಸಲಿಕ್ಕೆ ಮಾತ್ರ, ಒಳಗೆ ತಗೊಳ್ಳಲ್ಲ. ಟೇಪನ್ನು ಕಂಪ್ಯೂಟರಿನೊಳಗೆ ಉಳಿಸಿಕೊಳ್ಳಲು ಯುಎಸ್‌ಬಿ ಕ್ಯಾಪ್ಚರ್ ಸಾಧನ ಬೇಕು. ಪ್ರೊಜೆಕ್ಟರ್ ಆದ್ರೆ ಮೊದಲು ಅದರ ಹಿಂದೆ ನೋಡಿ, ಹಳೇ ಪ್ರೊಜೆಕ್ಟರುಗಳಲ್ಲಿ ಹಳದಿ ತೂತು ಇರುವುದು ಹೆಚ್ಚು. ಇದ್ದರೆ ಕನ್ವರ್ಟರೇ ಬೇಡ, ಸೋರ್ಸ್ ಬದಲಾಯಿಸಿದ್ರೆ ಸಾಕು. ಅಮೆರಿಕದಲ್ಲಿರುವ ಮಗ ಕಳಿಸಿದ ಹಳೇ ಕ್ಯಾಸೆಟ್ ಆದ್ರೆ ಮತ್ತೊಂದು ಲೆಕ್ಕ. ಅದು ಎನ್‌ಟಿಎಸ್‌ಸಿ, 525 ಸಾಲು, ಸೆಕೆಂಡಿಗೆ ಸುಮಾರು 30 ಚಿತ್ರ. ಪಾಲ್ ಮಾತ್ರ ತಿಳಿದ ವಿಸಿಆರ್ ಅದನ್ನು ಸರಿಯಾಗಿ ತೋರಿಸಲ್ಲ.

ಇನ್ನು ಜಗಳದ ಕತೆ. 1930ರ ಏಪ್ರಿಲಿನಲ್ಲಿ ಫೈಲೋನ ಲ್ಯಾಬಿಗೆ ವ್ಲಾದಿಮಿರ್ ಜ್ವೊರಿಕಿನ್ ಬಂದ. ಅವನೂ ದೊಡ್ಡ ಇಂಜಿನಿಯರ್, 1923ರಲ್ಲೇ ಟಿವಿಗೆ ಪೇಟೆಂಟ್ ಅರ್ಜಿ ಹಾಕಿದ್ದವನು. ಲೈಸೆನ್ಸ್ ಮಾತುಕತೆಗೆ ದಾರಿಯಾಗಬಹುದು ಅಂತ ಫೈಲೋ ಎಲ್ಲ ಬಿಚ್ಚಿ ತೋರಿಸಿದ. ಜ್ವೊರಿಕಿನ್ ಆಗ ಆರ್‌ಸಿಎ ಸೇರುತ್ತಿದ್ದ. ಮರುವರ್ಷ ಆರ್‌ಸಿಎ ಮುಖ್ಯಸ್ಥ ಡೇವಿಡ್ ಸಾರ್ನಾಫ್ 1,00,000 ಡಾಲರಿಗೆ ಎಲ್ಲವನ್ನೂ ಕೊಳ್ಳಲು ಬಂದ. ಫೈಲೋ ಒಪ್ಪಲಿಲ್ಲ. ಆಮೇಲೆ ಮೊದಲು ಕಂಡುಹಿಡಿದವನು ಜ್ವೊರಿಕಿನ್ ಅಂತ ಆರ್‌ಸಿಎ ವಾದ ಹೂಡಿತು. ಪೇಟೆಂಟ್ ಕಚೇರಿಯ ವಿಚಾರಣೆಯಲ್ಲಿ ಟೋಲ್ಮನ್ ಮೇಷ್ಟ್ರು ಸಾಕ್ಷಿ ಹೇಳಿದರು, ತಮ್ಮ ಹಳೇ ವಿದ್ಯಾರ್ಥಿ ಬೋರ್ಡಿನ ಮೇಲೆ ಬಿಡಿಸಿದ್ದನ್ನು ನೆನಪಿನಿಂದ ಬರೆದು ತೋರಿಸಿದರು. 1934ರಲ್ಲಿ ತೀರ್ಪು ಫೈಲೋ ಕಡೆ ಬಂತು. ಆ ವರ್ಷವೇ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ಅವನು ಸಾರ್ವಜನಿಕರಿಗೆ ಇಲೆಕ್ಟ್ರಾನಿಕ್ ಟಿವಿ ತೋರಿಸಿದ.

ಜ್ವೊರಿಕಿನ್‌ನ ಐಕನೋಸ್ಕೋಪ್ ಟ್ಯೂಬು ಬೆಳಕನ್ನು ಕೂಡಿಟ್ಟುಕೊಳ್ಳುತ್ತಿತ್ತು, ಡಿಸೆಕ್ಟರಿಗಿಂತ ಕಡಿಮೆ ಬೆಳಕಿನಲ್ಲಿ ಕೆಲಸ ಮಾಡುತ್ತಿತ್ತು. ಇಂಜಿನಿಯರಿಂಗ್ ದೃಷ್ಟಿಯಿಂದ ಅದು ಮುಂದಿನ ಹೆಜ್ಜೆ, ನಾವು ಅದನ್ನು ಕೀಳು ಮಾಡಲ್ಲ. ಆದರೂ ಫೈಲೋನ ಪೇಟೆಂಟುಗಳನ್ನು ದಾಟಿ ಹೋಗಲು ಆರ್‌ಸಿಎಗೆ ಆಗಲಿಲ್ಲ. 1939ರಲ್ಲಿ 10 ವರ್ಷಗಳಲ್ಲಿ 10 ಲಕ್ಷ ಡಾಲರ್, ಜೊತೆಗೆ ರಾಯಲ್ಟಿ ಕೊಡಲು ಒಪ್ಪಿತು. ಬೇರೆಯವರಿಂದ ರಾಯಲ್ಟಿ ತಗೊಂಡೇ ಅಭ್ಯಾಸವಿದ್ದ ಕಂಪನಿ ಅದು. ಆದ್ರೆ ಅದೇ ವರ್ಷದ ಏಪ್ರಿಲಿನಲ್ಲಿ ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಜಗತ್ತಿಗೆ ಟಿವಿ ಪರಿಚಯಿಸಿದ ಹೆಸರು ಸಾರ್ನಾಫ್‌ನದು. ಜನರ ತಲೆಯಲ್ಲಿ ಉಳಿದದ್ದೂ ಅದೇ.

ಆಮೇಲಿನದ್ದು ಬರೀ ಕೆಟ್ಟ ಟೈಮಿಂಗ್. ಯುದ್ಧ ಬಂದು 1942ರಲ್ಲಿ ಟಿವಿ ತಯಾರಿಕೆ ನಿಂತಿತು. ಯುದ್ಧ ಮುಗಿದು ಜನ ಟಿವಿ ಕೊಳ್ಳಲು ಶುರು ಮಾಡುವ ಹೊತ್ತಿಗೆ, 1947ರಲ್ಲಿ, ಮುಖ್ಯ ಪೇಟೆಂಟಿನ ಅವಧಿ ಮುಗಿಯಿತು. 1949ರಲ್ಲಿ ಕಂಪನಿ ಐಟಿಟಿ ಪಾಲಾಯಿತು. ಈ ನಡುವೆ ಕುಡಿತ, ಖಿನ್ನತೆ, ಮೇಯ್ನ್ ರಾಜ್ಯದ ಮನೆಗೆ ಬೆಂಕಿ. 1957ರಲ್ಲಿ ಒಂದು ಟಿವಿ ಕ್ವಿಜ್ ಕಾರ್ಯಕ್ರಮಕ್ಕೆ ಹೆಸರು ಮುಚ್ಚಿಟ್ಟು ಅವನನ್ನು ಕರೆದರು. ಟಿವಿಯಲ್ಲೇ ದುಡಿಯುವ ಆ ಪ್ಯಾನೆಲಿನವರಿಗೆ ಅವನ ಗುಟ್ಟು ಏನೆಂದು ಹೇಳಲಾಗಲಿಲ್ಲ. ಸಿಕ್ಕ ಬಹುಮಾನ 80 ಡಾಲರ್ ಮತ್ತು ಒಂದು ಕಾರ್ಟನ್ ಸಿಗರೇಟು.

1960ರ ದಶಕದಲ್ಲಿ ಅವನು ಪರಮಾಣು ಸಮ್ಮಿಲನದ ಹಿಂದೆ ಬಿದ್ದ. ಅವನು ಮಾಡಿದ ಫ್ಯೂಸರ್ ಸಾಧನ ಮನೆಗೆ ಕರೆಂಟ್ ಕೊಡುವ ಮಟ್ಟಕ್ಕೆ ಬರಲಿಲ್ಲ, ಆದ್ರೆ ಹವ್ಯಾಸಿಗಳು ಇವತ್ತಿಗೂ ಕಟ್ಟುತ್ತಾರೆ. 1967ರಲ್ಲಿ ಯೂಟಾಕ್ಕೆ ವಾಪಸ್ ಬಂದ.

1969ರ ಜುಲೈ 20ರಂದು ಅವನು, ಪೆಮ್ ಮನೆಯಲ್ಲಿ ಕೂತು ಚಂದ್ರನ ಮೇಲೆ ಮನುಷ್ಯ ಇಳಿಯುವುದನ್ನು ಟಿವಿಯಲ್ಲಿ ನೋಡಿದರು. ಚಂದ್ರನಿಂದ ಬಂದ ಚಿತ್ರಕ್ಕೆ 320 ಸಾಲು, ಸೆಕೆಂಡಿಗೆ 10 ಚಿತ್ರ ಮಾತ್ರ. ಅಮೆರಿಕದ ಟಿವಿಗೆ 525 ಸಾಲು, 30 ಚಿತ್ರ ಬೇಕು. ನಮ್ಮ ವಿಸಿಆರ್ ಮತ್ತು ಮಾನಿಟರಿನ ತಾಪತ್ರಯವೇ, ದೊಡ್ಡ ಪ್ರಮಾಣದಲ್ಲಿ. ಅದಕ್ಕೆ ಮಾಡಿದ ಉಪಾಯ ನೋಡಿದರೆ ನಗು ಬರತ್ತೆ. ಭೂಮಿಯ ಕೇಂದ್ರದಲ್ಲಿ ಚಂದ್ರನ ಚಿತ್ರವನ್ನು ಒಂದು ಮಾನಿಟರಿನಲ್ಲಿ ಹಾಕಿ, ಅದರ ಎದುರಿಗೆ ಮಾಮೂಲಿ ಟಿವಿ ಕ್ಯಾಮೆರಾ ಇಟ್ಟು ಮತ್ತೆ ಹಿಡಿದರು. ಊರಲ್ಲಿ ಕೆಲವರು ಟಿವಿ ಎದುರು ಮೊಬೈಲ್ ಹಿಡಿದು ಹಳೇ ಆಟದ ಕ್ಯಾಸೆಟ್ ರೆಕಾರ್ಡ್ ಮಾಡಿಕೊಳ್ತಾರಲ್ಲ, ಅದೇ. ಜಗತ್ತು ಆವತ್ತು ನೋಡಿದ ಚಿತ್ರ ಅಷ್ಟು ಮಬ್ಬಾಗಿರಲು ಇದೂ ಒಂದು ಕಾರಣ. ಸಾಲುಗಳ ಲೆಕ್ಕ ಬದಲಾಯಿಸಿದ ಆ ಕನ್ವರ್ಟರ್ ಯಂತ್ರವನ್ನು ನಾಸಾಗೆ ಮಾಡಿಕೊಟ್ಟದ್ದು ಆರ್‌ಸಿಎ.

ಫೈಲೋ 1971ರ ಮಾರ್ಚ್ 11ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ತೀರಿಕೊಂಡ, 64 ವರ್ಷ. ಆಗಿನ್ನೂ ಕರ್ನಾಟಕಕ್ಕೆ ಟಿವಿ ಬಂದಿರಲಿಲ್ಲ. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಉಪಗ್ರಹದಿಂದ ಟಿವಿ ನೋಡಿದ್ದು 1975ರಲ್ಲಿ. ಪೆಮ್ ಮಾತ್ರ ಇನ್ನೂ 35 ವರ್ಷ ಬದುಕಿದಳು. ಟಿವಿ ಮಾಡಿದವನು ಯಾರು ಅಂತ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ, ನೆನಪುಗಳನ್ನು ಪುಸ್ತಕ ಮಾಡಿ, 2006ರಲ್ಲಿ ತೀರಿಕೊಂಡಳು.