ಆಲಮಟ್ಟಿಯ ಹರ್ಡೇಕರ ಮಂಜಪ್ಪನವರು

ಬಡ ತರುಣನಿಗೆ ಎರಡು ದಾರಿದ್ರ್ಯಗಳು ಒಮ್ಮೆಗೇ ಒದಗುತ್ತವೆ: ಒಂದು ಹೊಟ್ಟೆಯದು, ಇನ್ನೊಂದು ಸೂರಿನದು. ಹಳ್ಳಿಯಿಂದ ವಿದ್ಯೆಗಾಗಿ ಪಟ್ಟಣಕ್ಕೆ ಬಂದ ಹುಡುಗನು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯೆಂದು ವಾರಾನ್ನ ಉಂಡು, ರಾತ್ರಿ ಗುಡಿಯ ಜಗುಲಿಯಲ್ಲೋ ಮಠದ ಪಡಸಾಲೆಯಲ್ಲೋ ಮಲಗಿ ಓದುತ್ತಿದ್ದ ಕಾಲವೊಂದು ನಮ್ಮಲ್ಲಿತ್ತು. ಅನ್ನವಿತ್ತ ಗೃಹಸ್ಥರು ಪುಣ್ಯವಂತರೇ ಸರಿ. ಆದರೆ ಪರರ ಹೊಸ್ತಿಲಲ್ಲಿ ದಿನವೂ ತಲೆತಗ್ಗಿಸಿ ನಿಂತ ಬಾಲಕನಲ್ಲಿ ಸ್ವಾಭಿಮಾನವು ಹೇಗೆ ಬೆಳೆದೀತು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರಲ್ಲಿ ಹರ್ಡೇಕರ ಮಂಜಪ್ಪನವರು ಒಬ್ಬರು.

ಮಂಜಪ್ಪನವರು 1886ರಲ್ಲಿ ಬನವಾಸಿಯ ಬಡ ಕುಟುಂಬವೊಂದರಲ್ಲಿ ಜನಿಸಿದರು. ಬಡತನವನ್ನು ಅವರು ಪುಸ್ತಕದಿಂದ ಅರಿತವರಲ್ಲ. ಓದು ಮುಗಿಸಿ ಶಿರಸಿಯಲ್ಲಿ ಶಿಕ್ಷಕರಾದರು. 1905ರ ವಂಗಭಂಗದ ತರುವಾಯ ದೇಶವನ್ನೆಲ್ಲ ವ್ಯಾಪಿಸಿದ ಸ್ವದೇಶಿ ಚಳವಳಿಯು ಅವರನ್ನು ಸೆಳೆಯಿತು. ತಿಂಗಳ ಸಂಬಳದ ಭದ್ರತೆಯನ್ನು ತೊರೆದು ದಾವಣಗೆರೆಗೆ ತೆರಳಿ, 1906ರಲ್ಲಿ ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದರು. ಅದೇ ಊರಿನಲ್ಲಿ 1913ರಲ್ಲಿ ಮೃತ್ಯುಂಜಯ ಅಪ್ಪಗಳೊಡಗೂಡಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸಿದರು. ಅಪ್ಪಗಳು ಮುಂದೆ ಧಾರವಾಡದ ಮುರುಘಾಮಠದಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯವನ್ನು ನಡೆಸಿ, ವಾರಾನ್ನದ ಅಲೆದಾಟವನ್ನು ಎಷ್ಟೋ ಬಾಲಕರಿಗೆ ತಪ್ಪಿಸಿದರು. ಗೆಳೆಯರಿಬ್ಬರ ದಾರಿಗಳು ಬೇರೆಯಾದರೂ ಗುರಿಯು ಒಂದೇ ಆಗಿದ್ದಿತು.

ಮಂಜಪ್ಪನವರು ವಿವಾಹವಾಗಲಿಲ್ಲ, ತಮ್ಮದೆಂಬ ಮನೆಯನ್ನು ಕಟ್ಟಿಕೊಳ್ಳಲಿಲ್ಲ. ಖಾದಿಯನ್ನುಟ್ಟು, ಸರಳವಾಗಿ ಬಾಳಿದ ಅವರನ್ನು ಜನರು ಕರ್ನಾಟಕದ ಗಾಂಧಿಯೆಂದು ಕರೆದುದು ಸರ್ವವಿದಿತವಾಗಿದೆ. ಸ್ವಂತ ಸಂಸಾರವಿಲ್ಲದ ಈ ಬ್ರಹ್ಮಚಾರಿಯು 1927ರಲ್ಲಿ ಕೃಷ್ಣಾತೀರದ ಆಲಮಟ್ಟಿಗೆ ಬಂದು ಪರರ ಮಕ್ಕಳಿಗಾಗಿ ಆಶ್ರಮವನ್ನೂ ವಿದ್ಯಾಲಯವನ್ನೂ ಸ್ಥಾಪಿಸಿದರು.

ಆ ಸೀಮೆಯ ಸ್ಥಿತಿಯನ್ನು ವಾಚಕರು ನೆನೆಯಬೇಕು. ವಿಜಾಪುರ ಜಿಲ್ಲೆಗೆ ಬರವು ಹೊಸತಲ್ಲ. 1791-92ರ ಡೋಗಿ ಬರ, 1876-78ರ ಮಹಾಕ್ಷಾಮಗಳು ಅಲ್ಲಿಯ ಊರುಗಳನ್ನು ಬರಿದುಮಾಡಿದ್ದವು. ಮಳೆ ತಪ್ಪಿದರೆ ಜೋಳವಿಲ್ಲ. ಜೋಳವಿಲ್ಲದಿದ್ದರೆ ಮನೆಗೆ ಬೀಗ ಹಾಕಿ ಗುಳೆ ಹೋಗುವುದೇ ಗತಿ. ಅಂಥಲ್ಲಿ ಮಂಜಪ್ಪನವರು ಬಾಲಕರನ್ನು ತಮ್ಮೊಡನೆ ಇರಿಸಿಕೊಂಡರು. ಓದಿನೊಡನೆ ದುಡಿಮೆ, ನೂಲುವಿಕೆ, ಪ್ರಾರ್ಥನೆ, ಸರಳವಾದ ಊಟ, ಇವು ಅಲ್ಲಿಯ ಕ್ರಮ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಐಕ್ಯರಾದ ಕೂಡಲಸಂಗಮವೂ ಅಲ್ಲಿಗೆ ದೂರವಲ್ಲ. ಶರಣರು ಕಾಯಕ, ದಾಸೋಹಗಳನ್ನು ಬೇರ್ಪಡಿಸಲಿಲ್ಲ, ಮಂಜಪ್ಪನವರೂ ಬೇರ್ಪಡಿಸಲಿಲ್ಲ. ಉಣ್ಣುವ ಕೈ ದುಡಿಯಲೂ ಕಲಿತರೆ ಅನ್ನವು ಭಿಕ್ಷೆಯಾಗದೆ ಪ್ರಸಾದವಾಗುವುದೆಂಬುದೇ ಅವರ ಬಾಳಿನ ತಾತ್ಪರ್ಯ.

1947ರ ಜನವರಿ 3ರಂದು, ಸ್ವಾತಂತ್ರ್ಯವು ಇನ್ನು ಕೆಲವೇ ತಿಂಗಳ ದೂರವಿರುವಾಗ, ಅವರು ಕಾಲವಶರಾದರು. 1964ರಲ್ಲಿ ಅದೇ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಕಾಲಕ್ರಮದಲ್ಲಿ ಕೃಷ್ಣೆಯ ನೀರು ಎಷ್ಟೋ ಹೊಲಗಳಿಗೆ ಹರಿಯಿತು. ಅದೇ ನೀರಿನಲ್ಲಿ ಎಷ್ಟೋ ಹಳ್ಳಿಗಳು ಮುಳುಗಿ ಸಾವಿರಾರು ಸಂಸಾರಗಳು ಸೂರು ಬದಲಿಸಬೇಕಾಯಿತು.

ಇಂದು ಸರಕಾರದ ವಿದ್ಯಾರ್ಥಿನಿಲಯಗಳಿವೆ. 2002ರಲ್ಲಿ ಆರಂಭವಾದ ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂದೇ ಹೆಸರು. ಇದು ಸಂತೋಷದ ಸಂಗತಿ. ಆದರೆ ತಂದೆತಾಯಿಗಳೊಡನೆ ಗುಳೆ ಹೊರಟ ಹುಡುಗನಿಗೆ ಶಾಲೆಯೊಡನೆ ಆ ಊಟವೂ ತಪ್ಪುತ್ತದೆ. ಶಾಲೆ ಮುಗಿಸಿ ಕೆಲಸ ಹುಡುಕಿ ದೊಡ್ಡ ಊರಿಗೆ ಹೋದ ತರುಣನಿಗೆ ನಿಲ್ದಾಣದ ಕಲ್ಲುಹಾಸೇ ಹಾಸಿಗೆಯಾಗುವುದುಂಟು. ಒಂದು ತುತ್ತು ಕೊಟ್ಟು ಕಳುಹಿಸಿದರೆ ನಾಳೆಯ ಹಸಿವು ನಾಳೆ ಮತ್ತೆ ಬಾಗಿಲಿಗೆ ಬರುತ್ತದೆ. ಅನ್ನ, ಆಶ್ರಯ, ವಿದ್ಯೆ, ಕೆಲಸ ಈ ನಾಲ್ಕೂ ಒಂದೇ ಸೂರಿನಡಿ ದೊರೆಯಬೇಕು. ಅಧಿಕಾರದಲ್ಲಿರುವವರೂ ಅನುಕೂಲವುಳ್ಳ ನಾಗರಿಕರೂ ತಮ್ಮ ತಮ್ಮ ಊರಿನಲ್ಲಿ ಅಂಥ ಒಂದು ಸೂರನ್ನು ನಿಲ್ಲಿಸಿದರೆ, ಅದೇ ಮಂಜಪ್ಪನವರಿಗೆ ಸಲ್ಲುವ ನಿಜವಾದ ಸ್ಮಾರಕವು.