ಪಜಲ್ ಬರೆಯುತ್ತಿದ್ದ ಗಣಿತದ ಮೇಷ್ಟ್ರು: ಅಡಾಲ್ಫ್ ಆಂಡರ್ಸನ್

ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ನಾವು ಮಾಡುವ ಕೆಲಸಗಳಲ್ಲಿ ಚೆಸ್ ಪಜಲ್ ಬಿಡಿಸೋದೂ ಒಂದು. ಬಿಳಿಯ ನಡೆ, ಮೂರು ನಡೆಯಲ್ಲಿ ಮೇಟ್ ಅಂತ ಮೇಲೆ ಬರೆದಿರುತ್ತೆ. ಐದು ನಿಮಿಷ ದಿಟ್ಟಿಸಿದರೆ ರಾಣಿಯನ್ನು ಬಲಿ ಕೊಟ್ಟು ಮೇಟ್ ಮಾಡೋ ದಾರಿ ಕಂಡೇ ಕಾಣುತ್ತೆ. ಆದರೆ ನಾವೇ ಆಟಕ್ಕೆ ಕೂತಾಗ, ಎರಡೇ ನಡೆಯ ಮೇಟ್ ಕಣ್ಣೆದುರಿಗಿದ್ದರೂ ಅದನ್ನು ಬಿಟ್ಟು ಕುದುರೆ ಹೊಡೆದು ಖುಷಿಪಡ್ತೀವಿ. ಆಟ ಮುಗಿದ ಮೇಲೆ ಕಂಪ್ಯೂಟರ್ ತೋರಿಸಿಕೊಟ್ಟಾಗ ತಲೆ ಚಚ್ಚಿಕೊಳ್ತೀವಿ.

ಪಜಲ್‌ನಲ್ಲಿ ಕಾಣೋದು ಆಟದಲ್ಲಿ ಯಾಕೆ ಕಾಣಲ್ಲ? ಈ ಪ್ರಶ್ನೆ ಹಿಡಿದು ಹೋದಾಗ ನಮಗೆ ಸಿಕ್ಕವರು ಅಡಾಲ್ಫ್ ಆಂಡರ್ಸನ್. ಅವರು ಮೊದಲು ಪಜಲ್ ಬರೆದವರು, ಆಮೇಲೆ ಪಜಲ್‌ನಂಥ ಆಟಗಳನ್ನು ಆಡಿದವರು.

ಆಂಡರ್ಸನ್ ಹುಟ್ಟಿದ್ದು 1818ರ ಜುಲೈ 6ರಂದು, ಬ್ರೆಸ್ಲೌ ಎಂಬ ಊರಿನಲ್ಲಿ. ಆಗ ಅದು ಪ್ರಷ್ಯಾದ ಊರು. ಒಂಬತ್ತನೇ ವಯಸ್ಸಿನಲ್ಲಿ ಅಪ್ಪ ಚೆಸ್ ಕಲಿಸಿದರು. ದೊಡ್ಡವರಾದ ಮೇಲೆ ಅದೇ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರಾದರು. ಮದುವೆ ಆಗಲಿಲ್ಲ, ಅಮ್ಮ ಮತ್ತು ತಂಗಿಯ ಜೊತೆ ಇದ್ದರು. ಜೀವನಪೂರ್ತಿ ಅವರ ಕೆಲಸ ಪಾಠ ಮಾಡೋದೇ, ಚೆಸ್ ಏನಿದ್ದರೂ ಬಿಡುವಿನ ವೇಳೆಗೆ.

1842ರಲ್ಲಿ, 24ರ ಹರೆಯದಲ್ಲಿ, ತಾವೇ ರಚಿಸಿದ 60 ಚೆಸ್ ಸಮಸ್ಯೆಗಳ ಪುಸ್ತಕ ತಂದರು. ಪಜಲ್ ಬಿಡಿಸೋದೇ ಕಷ್ಟ ಅಂತ ನಾವು ಅಂದುಕೊಂಡಿರ್ತೀವಿ, ಬರೆಯೋದು ಅದಕ್ಕಿಂತ ಕಷ್ಟ. ಎದುರಾಳಿ ಯಾವ ಉತ್ತರ ಕೊಟ್ಟರೂ ಮೇಟ್ ಆಗಲೇಬೇಕು. ಒಂದೇ ಒಂದು ಕವಲು ತೆರೆದಿದ್ದರೂ ಸಮಸ್ಯೆ ಕೆಟ್ಟಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರತಿ ಇಫ್-ಎಲ್ಸ್‌ನ ಎಲ್ಲಾ ಕೇಸುಗಳನ್ನೂ ಕೈಯಲ್ಲೇ ಪರೀಕ್ಷೆ ಮಾಡಿದ ಹಾಗೆ.

1851ರಲ್ಲಿ ಲಂಡನ್‌ನಲ್ಲಿ ಮಹಾ ವಸ್ತುಪ್ರದರ್ಶನ ನಡೆಯಿತು. ಅದೇ ಸಮಯಕ್ಕೆ ಹೊವಾರ್ಡ್ ಸ್ಟಾಂಟನ್ ಮೊದಲ ಅಂತರರಾಷ್ಟ್ರೀಯ ಚೆಸ್ ಟೂರ್ನಿ ಏರ್ಪಡಿಸಿದರು. ಆಂಡರ್ಸನ್‌ಗೆ ಆಹ್ವಾನ ಬಂತು, ಆದರೆ ಮೇಷ್ಟ್ರ ಸಂಬಳದಲ್ಲಿ ಲಂಡನ್ ಪ್ರಯಾಣ ಸುಲಭ ಇರಲಿಲ್ಲ. ಬಹುಮಾನ ಬರದಿದ್ದರೆ ಪ್ರಯಾಣದ ಖರ್ಚು ತಾನೇ ಕೊಡ್ತೀನಿ ಅಂತ ಸ್ಟಾಂಟನ್ ಒಪ್ಪಿಕೊಂಡರು. ಆಂಡರ್ಸನ್ ಹೋದರು. 16 ಜನರ ನಾಕೌಟ್‌ನಲ್ಲಿ ಸ್ಟಾಂಟನ್ ಅವರನ್ನೂ ಸೋಲಿಸಿ ಮೊದಲ ಬಹುಮಾನ ತಗೊಂಡು ಬಂದರು!

ಆದರೆ ಜನ ಇವತ್ತಿಗೂ ನೆನಪಿಟ್ಟುಕೊಂಡಿರೋದು ಟೂರ್ನಿಯ ಹೊರಗೆ ಸುಮ್ಮನೆ ಆಡಿದ ಒಂದು ಆಟವನ್ನು. 1851ರ ಜೂನ್ 21ರಂದು ಕೀಸೆರಿಟ್ಸ್ಕಿ ಎಂಬ ಆಟಗಾರನ ವಿರುದ್ಧ ಆಂಡರ್ಸನ್ ಒಂದು ಒಂಟೆ, ಎರಡೂ ಆನೆ, ಕೊನೆಗೆ ರಾಣಿಯನ್ನೂ ಕೊಟ್ಟರು. ಎರಡು ಕುದುರೆ, ಒಂದು ಒಂಟೆ ಸೇರಿ 23ನೇ ನಡೆಗೆ ಮೇಟ್ ಮಾಡಿದವು. ಸೋತ ಕೀಸೆರಿಟ್ಸ್ಕಿಯೇ ಆ ಆಟವನ್ನು ತನ್ನ ಪತ್ರಿಕೆಯಲ್ಲಿ ಛಾಪಿಸಿದ್ದು ನಮಗೆ ಬಹಳ ಇಷ್ಟವಾಯ್ತು. ಜಗತ್ತು ಅದನ್ನು ಅಮರ ಆಟ ಅಂತ ಕರೆಯುತ್ತೆ.

ಮರುವರ್ಷ ಬರ್ಲಿನ್‌ನಲ್ಲಿ ಡ್ಯುಫ್ರೆನ್ ವಿರುದ್ಧ ಆಡಿದ್ದು ಎವರ್‌ಗ್ರೀನ್ ಆಟ. ಇದರ ಕೊನೆಯನ್ನು ಬೋರ್ಡ್ ಇಟ್ಟುಕೊಂಡೇ ನೋಡಬೇಕು. ಡ್ಯುಫ್ರೆನ್‌ಗೆ ಇನ್ನೊಂದು ನಡೆ ಸಿಕ್ಕಿದ್ದರೆ ಆಂಡರ್ಸನ್‌ಗೇ ಮೇಟ್ ಆಗ್ತಿತ್ತು. ಅಂದ್ರೆ ಸಾಧಾರಣ ನಡೆಗೆ ಪುರುಸೊತ್ತೇ ಇಲ್ಲ, ಪ್ರತಿ ನಡೆಯೂ ಚೆಕ್ ಆಗಿರಬೇಕು. ಆಂಡರ್ಸನ್ ಮೊದಲು ಆನೆ ಕೊಟ್ಟು ಚೆಕ್ ಹೇಳಿದರು, ಎದುರಾಳಿಯ ಕುದುರೆ ಅದನ್ನು ತಿಂದಿತು. ಆಮೇಲೆ 21ನೇ ನಡೆಯಲ್ಲಿ ರಾಣಿಯನ್ನೇ ರಾಜನ ಪಕ್ಕದ ಮನೆಗೆ ನುಗ್ಗಿಸಿ ಚೆಕ್. ರಾಜ ತಪ್ಪಿಸಿಕೊಂಡು ಮೂಲೆಯ ಕಡೆ ಸರಿದರೆ ಅಲ್ಲೇ ಮೇಟ್. ಹಾಗಾಗಿ ರಾಣಿಯನ್ನು ತಿಂದ. ಆಗ ಒಂಟೆ ಸರಿಯಿತು. ಅದು ಸರಿದ ತಕ್ಷಣ ಹಿಂದಿದ್ದ ಆನೆಯ ದಾರಿಯೂ ತೆರೆದು, ಎರಡೂ ಒಟ್ಟಿಗೆ ಚೆಕ್ ಹೇಳಿದವು.

ಡಬಲ್ ಚೆಕ್‌ನ ವಿಶೇಷ ಇಲ್ಲೇ ಇದೆ. ಒಂದು ಕಾಯಿಯನ್ನು ತಿಂದರೂ ಇನ್ನೊಂದರ ಚೆಕ್ ಉಳಿಯುತ್ತೆ, ಅಡ್ಡ ಇಟ್ಟರೂ ಅಷ್ಟೇ. ರಾಜನೇ ಓಡಬೇಕು. ಇಲ್ಲಿ ಓಡೋಕೆ ಇದ್ದಿದ್ದು ಎರಡೇ ಮನೆ. ಒಂದಕ್ಕೆ ಹೋದರೆ ತಕ್ಷಣ ಮೇಟ್, ಇನ್ನೊಂದಕ್ಕೆ ಹೋದರೆ ಮತ್ತೊಂದು ಚೆಕ್, ಆಮೇಲೆ ಮೇಟ್. ರಾಣಿ ಕೊಟ್ಟ ನಡೆಯಿಂದ ಲೆಕ್ಕ ಹಾಕಿದರೆ ಸರಿಯಾಗಿ ನಾಲ್ಕು ನಡೆ. ಡ್ಯುಫ್ರೆನ್ ಬಳಿ ಎಷ್ಟು ಕಾಯಿ ಇದ್ದವು ಅನ್ನೋದು ಆಗ ಲೆಕ್ಕಕ್ಕೇ ಬರಲಿಲ್ಲ. ಅವನ ಹತ್ತಿರ ಎಷ್ಟು ಉತ್ತರ ಉಳಿದಿವೆ ಅನ್ನೋದಷ್ಟೇ ಲೆಕ್ಕ. ಪಜಲ್ ಬರೆದು ಬರೆದು ಆಂಡರ್ಸನ್ ಎಣಿಸೋಕೆ ಕಲಿತಿದ್ದು ಇದನ್ನೇ.

ಇಷ್ಟಕ್ಕೇ ನಿಲ್ಲಿಸಿದ್ರೆ ಇದು ಬರೀ ಹೊಗಳಿಕೆ ಆಗುತ್ತೆ. 1858ರ ಡಿಸೆಂಬರ್‌ನಲ್ಲಿ, 40ರ ಆಂಡರ್ಸನ್ ಪ್ಯಾರಿಸ್‌ಗೆ ಹೋಗಿ 21 ವರ್ಷದ ಅಮೆರಿಕದ ಹುಡುಗ ಪಾಲ್ ಮಾರ್ಫಿ ಜೊತೆ ಆಡಿದರು. ಮಾರ್ಫಿ ಏಳು ಗೆದ್ದ, ಆಂಡರ್ಸನ್ ಎರಡು ಗೆದ್ದರು, ಎರಡು ಡ್ರಾ. ಮಾರ್ಫಿಗೂ ಕಾಂಬಿನೇಶನ್ ಬರ್ತಿತ್ತು, ಆದರೆ ಅವನು ಮೊದಲು ಎಲ್ಲಾ ಕಾಯಿಗಳನ್ನು ಹೊರಗೆ ತಂದು ಆಮೇಲೆ ದಾಳಿ ಮಾಡ್ತಿದ್ದ. ಆಂಡರ್ಸನ್ ದಾಳಿಗೆ ಅವಸರ ಮಾಡ್ತಿದ್ದರು. ಅಮರ ಆಟದಲ್ಲೂ ಕೀಸೆರಿಟ್ಸ್ಕಿಗೆ ಮಧ್ಯದಲ್ಲಿ ಬಚಾವಾಗೋ ದಾರಿ ಇತ್ತು ಅಂತ ಆಮೇಲಿನವರು ತೋರಿಸಿದ್ದಾರೆ. ಕೊನೆಯ ನಡೆಗಳು ಮಾತ್ರ ತಪ್ಪಿಸಲಾಗದವು. ಮಾರ್ಫಿ ತನಗಿಂತ ಬಲಶಾಲಿ ಅಂತ ಆಂಡರ್ಸನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಒಪ್ಪಿಕೊಂಡು ಮನೆಗೆ ಹೋಗಿ ಕೂರಲಿಲ್ಲ. 1862ರಲ್ಲಿ ಲಂಡನ್ ಟೂರ್ನಿಯನ್ನು ಮತ್ತೆ ಗೆದ್ದರು. 1866ರಲ್ಲಿ ಸ್ಟೈನಿಟ್ಜ್ ಎದುರು 6-8ರಿಂದ ಸೋತರು, ಆ ಪಂದ್ಯದಲ್ಲಿ ಒಂದೂ ಡ್ರಾ ಇಲ್ಲ. 1870ರಲ್ಲಿ, 52ರ ವಯಸ್ಸಿನಲ್ಲಿ, ಬಾಡೆನ್-ಬಾಡೆನ್ ಟೂರ್ನಿಯಲ್ಲಿ ಅದೇ ಸ್ಟೈನಿಟ್ಜ್‌ರನ್ನು ಹಿಂದಿಕ್ಕಿ ಮೊದಲನೆಯವರಾದರು. ಇದೆಲ್ಲದರ ನಡುವೆ ಶಾಲೆಯ ಪಾಠ ನಡೀತಾನೇ ಇತ್ತು.

1879ರ ಮಾರ್ಚ್ 13ರಂದು ಅವರು ತೀರಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಅವರ ಸಮಾಧಿ ಹಾಳಾಯಿತು. ಯುದ್ಧದ ನಂತರ ಆ ಊರು ಪೋಲೆಂಡ್‌ಗೆ ಸೇರಿತು, ಹೆಸರೂ ವ್ರೋಟ್ಸ್ವಾಫ್ ಅಂತಾಯಿತು. 1957ರಲ್ಲಿ ಪೋಲೆಂಡ್‌ನ ಚೆಸ್ ಸಂಸ್ಥೆಯವರು ಈ ಜರ್ಮನ್ ಮೇಷ್ಟ್ರಿಗೆ ಅಲ್ಲೇ ಹೊಸ ಸಮಾಧಿ ಮಾಡಿಸಿದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಪಜಲ್‌ನಲ್ಲಿ ಮೇಟ್ ಇದೆ ಅಂತ ಯಾರೋ ಮೊದಲೇ ಹೇಳಿರ್ತಾರೆ. ಅದಕ್ಕೇ ನಾವು ರಾಣಿ ಕೊಡೋ ಹುಚ್ಚು ನಡೆಯನ್ನೂ ಬಿಡದೆ ನೋಡ್ತೀವಿ. ಆಟದಲ್ಲಿ ಯಾರೂ ಹೇಳಲ್ಲ, ಹಾಗಾಗಿ ನೋಡೋದೇ ಇಲ್ಲ. ನಮ್ಮ ಪ್ರಶ್ನೆಪತ್ರಿಕೆಗಳೂ ಹಾಗೇ ಅಲ್ವಾ? ಉತ್ತರ ಇದ್ದೇ ಇರುತ್ತೆ ಅನ್ನೋ ಧೈರ್ಯದಲ್ಲಿ ಬಿಡಿಸ್ತೀವಿ. ಪ್ರಾಜೆಕ್ಟ್‌ಗೆ ಕೂತಾಗ ಆ ಧೈರ್ಯ ಕೊಡೋರು ಇರಲ್ಲ.

ಅದಕ್ಕೆ ಈ ಸೆಮಿಸ್ಟರ್ ನಾವು ಒಂದು ಅಭ್ಯಾಸ ಶುರು ಮಾಡಿದ್ದೀವಿ. ನಡೆ ಇಡುವ ಮುಂಚೆ ಬೋರ್ಡ್ ಮೇಲಿರುವ ಎಲ್ಲಾ ಚೆಕ್‌ಗಳನ್ನೂ ಒಮ್ಮೆ ನೋಡೋದು, ಪ್ರತಿಯೊಂದಕ್ಕೂ ಎದುರಿನವರಿಗೆ ಎಷ್ಟು ಉತ್ತರ ಇದೆ ಅಂತ ಎಣಿಸೋದು. ಇನ್ನೂ ಸೋಲ್ತಾನೇ ಇದ್ದೀವಿ. ಆದರೆ ಹೋದ ವಾರ ಕಾಮನ್ ರೂಮಿನಲ್ಲಿ ಒಂದು ಎರಡು ನಡೆಯ ಮೇಟ್ ಸಿಕ್ಕಿತು. ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.